ದಾರಿ ಕೇಳಲು ಜನವೇ ಸಿಗದ ಹಳ್ಳಿಗೆ

ಬಾಣಂತನಕ್ಕೋ ರಜೆಗೋ ಇಂಗ್ಲೆಂಡಿಗೆ ಹೊರಡುವ ಸೋದರಿಯರು ಈಗ ನಮ್ಮಂಥ ಊರುಗಳಲ್ಲೂ ಬೇಕಾದಷ್ಟಿದ್ದಾರೆ. ಹೋದವರೆಲ್ಲ ಲಂಡನ್ನಿನ ಅರಮನೆ, ಗಡಿಯಾರದ ಗೋಪುರ ನೋಡಿ ಬರುತ್ತಾರೆ. ಹಳ್ಳಿ ನೋಡಿದಿರಾ ಅಂದರೆ, "ಅಯ್ಯೋ, ಅಲ್ಲಿಗೆಲ್ಲ ದಾರಿ ಯಾರಿಗ್ರೀ ಗೊತ್ತು?" ಅನ್ನುತ್ತಾರೆ. ಅರಳಿಕಟ್ಟೆ ಹತ್ತಿರ ಗಾಡಿ ನಿಲ್ಲಿಸಿ "ಯಜಮಾನ್ರೇ, ಇಂಥ ಊರಿಗೆ ಯಾವ ಕಡೆ?" ಅಂತ ಕೇಳೋಣವೆಂದರೆ ಅಲ್ಲಿ ಮೈಲುಗಟ್ಟಲೆ ನರಪಿಳ್ಳೆ ಕಾಣುವುದಿಲ್ಲ. ಫಲಕಗಳೇ ಅಲ್ಲಿ ಯಜಮಾನರು.

ನಾವು ಹೋದದ್ದು ಗ್ಲಾಸ್ಟರ್‌ಶೈರ್ ಜಿಲ್ಲೆಯ ಬೈಬರಿ ಎಂಬ ಹಳ್ಳಿಗೆ. ರೆಡಿಂಗ್ ಪಟ್ಟಣದಲ್ಲಿರುವ ನನ್ನ ತಂಗಿಯ ಮಗಳು ಕಾರು ಓಡಿಸಿದಳು; ಫಲಕ ಓದುವ ಕೆಲಸ ನನ್ನದು. ಹಿಂದಿನ ಸೀಟಿನಲ್ಲಿ ಅವಳ ಎಂಟು ತಿಂಗಳ ಕೂಸು. ಎಷ್ಟು ಅತ್ತರೂ ಮಗುವನ್ನು ಮಡಿಲಿಗೆ ಎತ್ತಿಕೊಳ್ಳುವಂತಿಲ್ಲ, ಅದರದೇ ಪುಟ್ಟ ಸೀಟಿನಲ್ಲಿ ಪಟ್ಟಿ ಬಿಗಿದು ಕೂರಿಸಬೇಕೆಂದು ಅಲ್ಲಿ ಕಾನೂನಿದೆ. ಹಾಗಾಗಿ ದಾರಿ ತಪ್ಪುವುದೆಂದರೆ ಹಸಿದ ಕೂಸಿನ ಗೋಳು, ಅಷ್ಟೇ.

ಫಲಕದ ಬಣ್ಣ ತಿಳಿದರೆ ಅರ್ಧ ದಾರಿ ತಿಳಿದ ಹಾಗೆ. ನೀಲಿಯಾದರೆ ಮೋಟಾರ್‌ವೇ, ಹಸಿರಾದರೆ ಮುಖ್ಯರಸ್ತೆ, ಬಿಳಿಯಾದರೆ ಸಣ್ಣ ರಸ್ತೆ. ನಾವು ಎಂ 4 ಹಿಡಿದು ಸ್ವಿಂಡನ್ ಹತ್ತಿರ 15ನೇ ಜಂಕ್ಷನ್ನಿನಲ್ಲಿ ಇಳಿದು, ಎ 419ರಲ್ಲಿ ಸೈರನ್‌ಸೆಸ್ಟರ್ ಪಟ್ಟಣ ಮುಟ್ಟಿ, ಅಲ್ಲಿಂದ ಬಿ 4425 ಹಿಡಿದೆವು. ಅಲ್ಲಿಗೆ ಇನ್ನು ಏಳೇ ಮೈಲಿ. ದೂರವೆಲ್ಲ ಮೈಲಿಯಲ್ಲೇ ಬರೆದಿರುತ್ತಾರೆ. ಮೈಲಿಗೆ 1.6 ಕಿಲೋಮೀಟರ್ ಎಂಬುದು ನೆನಪಿರಲಿ, ಇಲ್ಲದಿದ್ದರೆ ಹಾಲಿನ ಬಾಟಲಿಯ ಲೆಕ್ಕ ತಪ್ಪುತ್ತದೆ. ಓಡಾಟ ನಮ್ಮ ಹಾಗೇ ಎಡಗಡೆ. ವೃತ್ತ ಬಂದಾಗ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ ಬಿಡಬೇಕು. ಯಾವ ಕವಲು ಅಂತ ಗೊಂದಲವಾದರೆ ಇನ್ನೊಂದು ಪ್ರದಕ್ಷಿಣೆ ಹಾಕಿ, ಯಾರೂ ನಗುವುದಿಲ್ಲ!

ಈ ಫಲಕಗಳ ಹಿಂದೆ ಒಬ್ಬ ಹೆಣ್ಣುಮಗಳಿದ್ದಾಳೆ. 1965ರಿಂದ ಜಾರಿಗೆ ಬಂದ ಇವುಗಳನ್ನು ಜಾಕ್ ಕಿನೀರ್ ಜೊತೆ ರೂಪಿಸಿದವರು ಮಾರ್ಗರೆಟ್ ಕ್ಯಾಲ್ವರ್ಟ್. ಶಾಲೆಯ ಹತ್ತಿರದ ಫಲಕದಲ್ಲಿ ಮುಂಚೆ ಹುಡುಗ ಹುಡುಗಿಯ ಕೈ ಹಿಡಿದು ನಡೆಸುತ್ತಿದ್ದ. ಈಕೆ ಅದನ್ನು ತಿರುವು ಮುರುವು ಮಾಡಿ, ಹುಡುಗಿಯೇ ಚಿಕ್ಕವನನ್ನು ನಡೆಸುವಂತೆ ಬರೆದರು. ಆ ಹುಡುಗಿ ಬಾಲ್ಯದ ಅವರೇ. ಹಸುವಿನ ಫಲಕಕ್ಕೆ ಮಾದರಿ ಅವರ ನೆಂಟರ ಹೊಲಮನೆಯ ಪೇಷನ್ಸ್ ಎಂಬ ಹಸು. ಹೆಸರಿನ ಅರ್ಥ ತಾಳ್ಮೆ ಅಂತ!

ಮೊಬೈಲು ಇರುವಾಗ ಇದೆಲ್ಲ ಯಾಕೆ ಅಂತೀರಾ? ಮೊಬೈಲಿಗೆ ಪೋಸ್ಟ್‌ಕೋಡ್ ಕೊಟ್ಟರೆ ಪಟ್ಟಣದಲ್ಲಿ ಸರಿ. ಹಳ್ಳಿಗಾಡಿನಲ್ಲಿ ಒಂದೇ ಪೋಸ್ಟ್‌ಕೋಡಿಗೆ ದೂರದೂರದ ನಾಲ್ಕಾರು ಮನೆಗಳಿರಬಹುದು. ಹೊಲದ ಮಧ್ಯೆ ನಿಲ್ಲಿಸಿ "ತಲುಪಿದಿರಿ" ಅನ್ನುತ್ತದೆ. ಎಷ್ಟೋ ಮನೆಗಳಿಗೆ ನಂಬರೂ ಇಲ್ಲ, ಹೆಸರು ಮಾತ್ರ. ಯಾರ ಮನೆಗಾದರೂ ಹೋಗುವುದಿದ್ದರೆ ಮನೆಯ ಹೆಸರು, ಹತ್ತಿರದ ಚರ್ಚು ಯಾವುದು ಎಂದು ಮೊದಲೇ ಕೇಳಿ ಚೀಟಿಯಲ್ಲಿ ಬರೆದುಕೊಳ್ಳಿ.

ಬಿ ರಸ್ತೆಯಿಂದ ಪಕ್ಕದ ಹಳ್ಳಿಯ ಓಣಿಗೆ ತಿರುಗಿದಾಗಲೇ ನಿಜವಾದ ಪರೀಕ್ಷೆ. ಎರಡೂ ಕಡೆ ಆಳೆತ್ತರದ ಬೇಲಿ, ಒಂದೇ ಕಾರಿನ ಅಗಲ. ಎದುರಿಗೆ ಟ್ರ್ಯಾಕ್ಟರ್ ಬಂತು ನೋಡಿ! "ದೊಡ್ಡಮ್ಮಾ, ಹಿಂದೆ ನೋಡ್ತಿರು" ಅಂದಳು ಹುಡುಗಿ, ದನಿ ನಡುಗುತ್ತಿತ್ತು. ಅಲ್ಲಲ್ಲಿ ಬದಿಗೆ ಸರಿಯಲೆಂದೇ ಅಗಲ ಮಾಡಿರುತ್ತಾರೆ, ಅದಕ್ಕೆ ಹತ್ತಿರವಿದ್ದವರು ಹಿಂದೆ ಹೋಗುವುದು ಅಲ್ಲಿನ ರೂಢಿ. ನಾನು ಕತ್ತು ಹೊರಳಿಸಿ "ಬಾ, ಬಾ, ಇನ್ನೂ ಬಾ" ಅನ್ನುತ್ತಾ ಹೋದೆ. ಟ್ರ್ಯಾಕ್ಟರಿನವನು ಕೈ ಎತ್ತಿ ವಂದಿಸಿ ಹೋದ.

ಬೈಬರಿಯಲ್ಲಿ ನೋಡಬೇಕಾದ್ದು ಆರ್ಲಿಂಗ್ಟನ್ ರೋ ಎಂಬ ಕಲ್ಲಿನ ಮನೆಗಳ ಸಾಲು. ಸುಮಾರು 1380ರಲ್ಲಿ ಉಣ್ಣೆ ತುಂಬಿಡಲು ಕಟ್ಟಿದ್ದಂತೆ. 17ನೇ ಶತಮಾನದಲ್ಲಿ ನೇಕಾರರ ಮನೆಗಳಾದವು. ಇವತ್ತಿಗೂ ಅಲ್ಲಿ ಜನ ವಾಸವಾಗಿದ್ದಾರೆ, ಕಿಟಕಿಯಲ್ಲಿ ಇಣುಕುವುದು ಬೇಡ. ಗಾಡಿ ನಿಲ್ಲಿಸಲು ಜಾಗ ಕಡಿಮೆ, ಬೆಳಿಗ್ಗೆ ಬೇಗ ಹೋಗಿ. ನಾವು ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆವು. ಡಬ್ಬಿಯ ಮುಚ್ಚಳ ತೆಗೆದ ಸದ್ದಿಗೇ ಹೊಳೆಯ ಬಾತುಗಳು ದಡ ಹತ್ತಿ ಬಂದವು.