ಶೇಕಡಾ ಐದರ ಹೊಸ್ತಿಲು ಮತ್ತು ಅಲ್ಪಸಂಖ್ಯಾತ ಭಾಷೆ

ಪ್ರಮಾಣಾನುಗುಣ ಪ್ರಾತಿನಿಧ್ಯವು ಸಣ್ಣ ಭಾಷಾಸಮುದಾಯಗಳಿಗೆ ತಾನಾಗಿಯೇ ನ್ಯಾಯ ಒದಗಿಸುತ್ತದೆಂಬುದು ಸಾಮಾನ್ಯ ಗ್ರಹಿಕೆ. ಡೆನ್ಮಾರ್ಕಿನ ಗಡಿಗೆ ಹೊಂದಿಕೊಂಡಿರುವ ಜರ್ಮನಿಯ ಶ್ಲೇಸ್ವಿಗ್-ಹೋಲ್‌ಸ್ಟೈನ್ ರಾಜ್ಯದ ಶಾಸನಸಭೆಯ ಚರಿತ್ರೆಯನ್ನು ನೋಡಿದಾಗ ಈ ಗ್ರಹಿಕೆಯನ್ನು ನಾವು ತಿದ್ದಿಕೊಳ್ಳಬೇಕಾಗುತ್ತದೆ.

ಅಲ್ಲಿಯ ಮತದಾರರಿಗೆ ಇಂದು ಎರಡು ಮತಗಳಿವೆ: ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷದ ಪಟ್ಟಿಗೆ. ಸಭೆಯಲ್ಲಿ ಪಕ್ಷಗಳ ಬಲಾಬಲವನ್ನು ನಿರ್ಣಯಿಸುವುದು ಪಟ್ಟಿಮತವೇ. ಆದರೆ ಶೇ. 5ರಷ್ಟು ಪಟ್ಟಿಮತವನ್ನಾಗಲಿ ಒಂದು ಕ್ಷೇತ್ರವನ್ನಾಗಲಿ ಗಳಿಸದ ಪಕ್ಷಕ್ಕೆ ಸ್ಥಾನಹಂಚಿಕೆಯಲ್ಲಿ ಪಾಲಿಲ್ಲ. ಡೇನ್ ಅಲ್ಪಸಂಖ್ಯಾತರ ಪಕ್ಷವಾದ ದಕ್ಷಿಣ ಶ್ಲೇಸ್ವಿಗ್ ಮತದಾರರ ಸಂಘವು 1954ರಲ್ಲಿ ಈ ಹೊಸ್ತಿಲಲ್ಲೇ ಎಡವಿತು, ಸುಮಾರು ಶೇ. 3.5ರಷ್ಟು ಮತ ದೊರೆತರೂ ಒಂದು ಸ್ಥಾನವೂ ದಕ್ಕಲಿಲ್ಲ. 1955ರ ಬಾನ್-ಕೋಪನ್‌ಹೇಗನ್ ಘೋಷಣೆಗಳ ಸಂದರ್ಭದಲ್ಲಿ ಡೇನ್ ಅಲ್ಪಸಂಖ್ಯಾತರ ಪಕ್ಷಗಳಿಗೆ ಈ ನಿಯಮದಿಂದ ವಿನಾಯಿತಿ ದೊರೆಯಿತು.

ವಿನಾಯಿತಿಯೆಂದರೆ ಮೀಸಲು ಸ್ಥಾನವಲ್ಲ. ಒಂದು ಸ್ಥಾನಕ್ಕೆ ಬೇಕಾದಷ್ಟು ಮತಗಳನ್ನು ಪಕ್ಷವು ಗಳಿಸಲೇಬೇಕು. 1962ರಿಂದ 1992ರವರೆಗಿನ ಪ್ರತಿ ಚುನಾವಣೆಯಲ್ಲೂ ಅದಕ್ಕೆ ಸಂದದ್ದು ಒಂದೇ ಸ್ಥಾನ. 2012ರಲ್ಲಿ ಮೂರು ಸ್ಥಾನ ಗೆದ್ದು ಅದು ಸರ್ಕಾರದಲ್ಲಿ ಪಾಲುಗೊಂಡಿತು. ಆ ಚುನಾವಣೆಯ ತರುವಾಯ ವಿನಾಯಿತಿಯ ಸಿಂಧುತ್ವವನ್ನು ಪ್ರಶ್ನಿಸಲಾಯಿತು. 2013ರಲ್ಲಿ ರಾಜ್ಯದ ಸಂವಿಧಾನ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. 2022ರಲ್ಲಿ ಶೇ. 5.7ರಷ್ಟು ಮತ, ನಾಲ್ಕು ಸ್ಥಾನ ಗಳಿಸಿದ ಪಕ್ಷಕ್ಕೆ ವಿನಾಯಿತಿಯ ಅಗತ್ಯವೇ ಬೀಳಲಿಲ್ಲ.

ನಮ್ಮ ಲೋಕಸಭೆ, ವಿಧಾನಸಭೆಗಳ ನೇರ ಚುನಾವಣೆಗಳಲ್ಲಿ, ಮುಂಬಯಿಯಂಥ ನಗರಗಳಲ್ಲಿ ಚದುರಿ ನೆಲೆಸಿರುವ ಹೊರನಾಡ ಕನ್ನಡಿಗರ ಮತಗಳು ಒಂದುಗೂಡಲು ಪಟ್ಟಿಯೆಂಬುದೇ ಇಲ್ಲ. ಪಟ್ಟಿಯಿರುವಲ್ಲಿಯೂ ಅದಷ್ಟೇ ಸಾಲದೆಂಬುದು ಡೇನರ ಅನುಭವ. ಆದ್ದರಿಂದ ಭಾಷಾ ಅಲ್ಪಸಂಖ್ಯಾತರ ಪ್ರಾತಿನಿಧ್ಯವನ್ನು ಅಭ್ಯಸಿಸುವಾಗ ನಾವು ಹಂಚಿಕೆಯ ಸೂತ್ರದೊಡನೆ ಹೊಸ್ತಿಲ ಎತ್ತರವನ್ನೂ ಅಳೆಯಬೇಕು.