ಕೊಳಗದ ಲೆಕ್ಕವೂ ಮಾನವ ಹಕ್ಕುಗಳೂ

ಮಾನ್ಯ ಪೋಷಕರಲ್ಲಿ ಕೆಲವರು ನಮ್ಮನ್ನು ಕೇಳುವುದುಂಟು: ಪರೀಕ್ಷೆಯಲ್ಲಿ ಹೆಚ್ಚು ಅಂಕ ತಾರದ ಮಾನವ ಹಕ್ಕುಗಳ ಪಾಠಕ್ಕೆ ಇಷ್ಟು ಹೊತ್ತು ಯಾತಕ್ಕೆ? ಹಕ್ಕಿನ ಮಾತು ಕಲಿತ ಹುಡುಗಿಯು ಮನೆಯಲ್ಲಿ ಎದುರುತ್ತರ ಕೊಡುವಳೆಂಬ ಭಯವೂ ಆ ಪ್ರಶ್ನೆಯೊಳಗೆ ಅಡಗಿರುವುದನ್ನು ನಾವು ಬಲ್ಲೆವು. ಇದಕ್ಕೆ ಉತ್ತರವನ್ನು ನಮ್ಮ ಸೀಮೆಯಿಂದಲೇ ತೆಗೆದು ಹೇಳಲು ಇಚ್ಛಿಸುತ್ತೇವೆ.

ಕವಲೇದುರ್ಗದ ಕೋಟೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು; ಕಲ್ಲುಹಾಸಿನ ದಾರಿಯನ್ನು ಮರೆತರೂ ಅಲ್ಲಿಯ ಜಿಗಣೆಗಳನ್ನು ಮರೆತಿರಲಾರರು. ಈ ದುರ್ಗವು ಕೆಳದಿ ಅರಸರದು. ಆ ವಂಶದ ರಾಣಿ ಚೆನ್ನಮ್ಮಾಜಿಯು ಪತಿಯ ಮರಣಾನಂತರ 1671ರಿಂದ ರಾಜ್ಯವಾಳಿದವಳು. ಔರಂಗಜೇಬನ ಸೈನ್ಯವು ಬೆನ್ನಟ್ಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಆಕೆ ಆಶ್ರಯವಿತ್ತಳು. ಹಿಂಸೆಗೆ ಹೆದರಿ ಓಡಿಬಂದವನಿಗೆ ಆಶ್ರಯ ಬೇಡುವ ಹಕ್ಕುಂಟೆಂದು 1948ನೆಯ ಡಿಸೆಂಬರ್ 10ರಂದು ವಿಶ್ವಸಂಸ್ಥೆಯು ಒಪ್ಪಿದ ಘೋಷಣೆಯ 14ನೆಯ ವಿಧಿಯು ಹೇಳುತ್ತದೆ. ಆದರೆ ರಾಣಿಯ ಔದಾರ್ಯವು ರಾಣಿಯೊಡನೆಯೇ ಮುಗಿದುಹೋಗಬಹುದು. ಹಕ್ಕೆಂಬುದು ಬಡವನ ಬಾಯಲ್ಲಿ ಮಾತಾಗಬೇಕಾದರೆ ಅದನ್ನು ಕಲಿಸುವವರು ಬೇಕು.

ಅಂಥವರೊಬ್ಬರು ಅದೇ ಕೆಳದಿ ಸೀಮೆಯ ಸಾಗರ ತಾಲ್ಲೂಕಿನಲ್ಲಿ ಇದ್ದರು. ಶಾಲಾ ಉಪಾಧ್ಯಾಯರಾಗಿದ್ದ ಎಚ್. ಗಣಪತಿಯಪ್ಪನವರು ಕಾಗೋಡಿನ ಸುತ್ತಿನ ಗೇಣಿದಾರರನ್ನು ಒಂದುಗೂಡಿಸಿದರು. ಗೇಣಿದಾರರಲ್ಲಿ ಬಹುಮಂದಿ ದೀವರು. ವರ್ಷವೆಲ್ಲ ದುಡಿದು ಬೆಳೆದ ಭತ್ತವನ್ನು ಒಡೆಯರ ಕಣದಲ್ಲಿ ಅಳೆಯುವಾಗ ಕೊಳಗವು ದೊಡ್ಡದಾಗಿರುತ್ತಿತ್ತು. ಕೊಳಗವೊಂದಕ್ಕೆ ಸ್ವಲ್ಪವೇ ಹೆಚ್ಚಾದರೂ ಖಂಡುಗಗಟ್ಟಲೆ ಅಳೆಯುವಾಗ ಎಷ್ಟಾದೀತೆಂಬುದನ್ನು ನಮ್ಮ ಎಂಟನೆಯ ತರಗತಿಯ ಮಕ್ಕಳು ಗುಣಿಸಿ ಹೇಳಬಲ್ಲರು. ಅಕ್ಷರ ಬಾರದ ಒಕ್ಕಲಿಗೆ ಅದನ್ನು ಲೆಕ್ಕ ಹಾಕಿ ತೋರಿಸುವವರು ಯಾರು? ಮೇಷ್ಟರೇ ಸರಿ. ಗೇಣಿ ಅಳೆಯುವ ಕೊಳಗವು ನ್ಯಾಯವಾದುದಾಗಿರಲಿ ಎಂಬಷ್ಟೇ ಆಗಿತ್ತು ಮೊದಲಿನ ಬೇಡಿಕೆ.

ವಿಶ್ವಸಂಸ್ಥೆಯ ಘೋಷಣೆಗೆ ಮೂರು ವರ್ಷ ತುಂಬುವ ಮೊದಲೇ, 1951ರ ಏಪ್ರಿಲ್‌ನಲ್ಲಿ, ಕಾಗೋಡು ಸತ್ಯಾಗ್ರಹವು ಆರಂಭವಾಯಿತು. ಆರಗದವರಾದ ಶಾಂತವೇರಿ ಗೋಪಾಲಗೌಡರು ಅದರ ಮುಂದಾಳುಗಳಲ್ಲೊಬ್ಬರಾದರು. ಜೂನ್‌ನಲ್ಲಿ ಬಂದ ರಾಮಮನೋಹರ ಲೋಹಿಯಾ ಅವರು ಬಂಧಿತರಾದರು. ಅನೇಕ ಒಕ್ಕಲುಗಳು ಸೆರೆಮನೆ ಕಂಡರು. ಆಗಲೇ ಜಯ ದೊರೆಯಿತೆಂದು ನಾವು ಮಕ್ಕಳಿಗೆ ಹೇಳುವುದಿಲ್ಲ, ಏಕೆಂದರೆ ದೊರೆಯಲಿಲ್ಲ. ದೇವರಾಜ ಅರಸರ ಕಾಲದ ಭೂಸುಧಾರಣೆಯ ಕಾನೂನು 1974ನೆಯ ಮಾರ್ಚ್ 1ರಿಂದ ಜಾರಿಗೆ ಬಂದು ಉಳುವವನಿಗೆ ಭೂಮಿ ಸಿಕ್ಕುವವರೆಗೆ ಇಪ್ಪತ್ತಮೂರು ವರ್ಷ ಕಾಯಬೇಕಾಯಿತು. ನಿರೀಕ್ಷೆಯೆಂದರೆ ಇಷ್ಟು ನಿಧಾನವಾದ ವಸ್ತು.

ಇನ್ನು ಹೆಣ್ಣುಮಕ್ಕಳ ವಿಷಯ. ಆ ಘೋಷಣೆಯ ಮೊದಲನೆಯ ವಿಧಿಯ ಕರಡಿನಲ್ಲಿ ‘ಎಲ್ಲ ಪುರುಷರೂ’ ಎಂಬರ್ಥ ಬರುವ ಮಾತಿತ್ತು. ಅದನ್ನು ‘ಎಲ್ಲ ಮನುಷ್ಯರೂ’ ಎಂದು ತಿದ್ದಿಸಿದವರು ಭಾರತದ ಪ್ರತಿನಿಧಿಯಾಗಿದ್ದ ಹಂಸಾ ಮೆಹತಾ ಅವರು. ಬಳಿಕ ಬಡೋದೆಯ ವಿಶ್ವವಿದ್ಯಾನಿಲಯಕ್ಕೆ ಉಪಕುಲಪತಿಗಳಾದ ವಿದುಷಿ. ಒಂದು ಪದದ ತಿದ್ದುಪಡಿ! ಪ್ರಬಂಧದ ಪುಸ್ತಕದಲ್ಲಿ ನಮ್ಮ ಕೆಂಪು ಶಾಯಿಯ ಗುರುತನ್ನು ಕಂಡು ಮುನಿಸಿಕೊಂಡ ಹಳೆಯ ವಿದ್ಯಾರ್ಥಿನಿಯರು ಇದನ್ನು ಗಮನಿಸಬೇಕಾಗಿ ಪ್ರಾರ್ಥನೆ. ಎದುರುತ್ತರದ ಮಾತೆಂದರೆ, ಹಂಸಾ ಮೆಹತಾ ಅವರು ಆ ಸಭೆಯಲ್ಲಿ ಕೊಟ್ಟದ್ದೂ ಎದುರುತ್ತರವೇ. ಅಂಥದನ್ನು ನಮ್ಮ ಹುಡುಗಿಯರು ಕೊಟ್ಟರೆ ನಾವು ಅಡ್ಡಿಮಾಡೆವು.

ಕಡೆಯದಾಗಿ ಒಂದು ವಿಜ್ಞಾಪನೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಹಳೆಯ ಮನೆಗಳ ಅಟ್ಟದಲ್ಲಿ ಸೇರು, ಬಳ್ಳ, ಕೊಳಗಗಳು ಇನ್ನೂ ಇರಬಹುದು. ಅಳತೆಯ ಪಾಠಕ್ಕಾಗಿ ಅಂಥವುಗಳನ್ನು ಶಾಲೆಗೆ ಕಳುಹಿಸಿಕೊಟ್ಟಲ್ಲಿ, ಯಾವ ಊರಿನದೆಂಬ ಚೀಟಿಯನ್ನು ಅಂಟಿಸಿ ಜೋಪಾನವಾಗಿಡುತ್ತೇವೆ. ಕೊಳಗವು ದೊಡ್ಡದೋ ಚಿಕ್ಕದೋ ಎಂಬುದನ್ನು ಮಕ್ಕಳೇ ಅಕ್ಕಿ ತುಂಬಿ ಅಳೆದು ನೋಡುವರು.