ಒಂದು ನದಿ, ಹಲವು ಸಭೆಗಳು

ಬಾಸೆಲ್ ಎಂಬ ಊರಿನ ಹೆಸರು ಕನ್ನಡಿಗರಿಗೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಇಲ್ಲಿ ಶಾಲೆಗಳನ್ನು ತೆರೆದರು, ಅಚ್ಚುಕೂಟವನ್ನು ಹೂಡಿದರು, ಹಂಚಿನ ಕಾರ್ಖಾನೆಯನ್ನು ಕಟ್ಟಿದರು. ಆ ಊರು ಇರುವುದು ಸ್ವಿಟ್ಜರ್ಲೆಂಡಿನಲ್ಲಿ, ರೈನ್ ನದಿಯ ದಡದ ಮೇಲೆ. 1986ನೆಯ ಇಸವಿ ನವೆಂಬರ್ 1ರಂದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಊರಿನ ಸಮೀಪದ ರಾಸಾಯನಿಕ ಉಗ್ರಾಣವೊಂದಕ್ಕೆ ಬೆಂಕಿ ಬಿದ್ದಿತು. ಬೆಂಕಿಯನ್ನಾರಿಸಲು ಸುರಿದ ನೀರು ಅಲ್ಲಿದ್ದ ಕೀಟನಾಶಕಗಳನ್ನೂ ಬಣ್ಣವನ್ನೂ ತೊಳೆದುಕೊಂಡು ನದಿಗಿಳಿಯಿತು. ಬೆಳಗಾಗುವ ವೇಳೆಗೆ ರೈನ್ ಕೆಂಪಾಗಿತ್ತು. ಹಾವುಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ವಿಷವು ಸ್ವಿಟ್ಜರ್ಲೆಂಡಿನ ಗಡಿಯಲ್ಲಿ ನಿಲ್ಲಲಿಲ್ಲ. ಫ್ರಾನ್ಸ್, ಜರ್ಮನಿಗಳನ್ನು ದಾಟಿ ನೆದರ್ಲೆಂಡ್ಸಿನವರೆಗೂ ಹರಿಯಿತು.

ಇದಾದ ಮೂರನೆಯ ವರ್ಷ, 1989ರ ಮೇ ತಿಂಗಳಿನಲ್ಲಿ, ಅದೇ ಬಾಸೆಲಿನಲ್ಲಿ ಯುರೋಪಿನ ಕ್ರೈಸ್ತ ಸಭೆಗಳ ದೊಡ್ಡದೊಂದು ಸಮಾವೇಶ ಸೇರಿತು. ಕೆಥೊಲಿಕರು, ಪ್ರಾಟೆಸ್ಟಂಟರು, ಆರ್ಥಡಾಕ್ಸ್ ಪಂಥದವರು ಮೂವರೂ ಒಂದೆಡೆ ಕುಳಿತರು. ಅವರು ಮಾತಿಗೆತ್ತಿಕೊಂಡ ವಿಷಯಗಳು ಮೂರು: ನ್ಯಾಯ, ಶಾಂತಿ, ಸೃಷ್ಟಿಯ ರಕ್ಷಣೆ.

ಇದರಲ್ಲಿ ವಿಶೇಷವೇನೆಂದು ಕೆಲವರು ಕೇಳಬಹುದು. ಪೂರ್ವದ ಆರ್ಥಡಾಕ್ಸ್ ಸಭೆಗೂ ರೋಮಿನ ಸಭೆಗೂ ಬಿರುಕು ಬಿದ್ದುದು 1054ರಲ್ಲಿ ಎಂದು ಚರಿತ್ರೆಕಾರರು ಗುರುತಿಸುತ್ತಾರೆ. ಹದಿನಾರನೆಯ ಶತಮಾನದಲ್ಲಿ ಪ್ರಾಟೆಸ್ಟಂಟರು ಬೇರೆಯಾದರು. ಈಸ್ಟರ್ ಹಬ್ಬದ ದಿನದ ಬಗೆಗೂ ಪೂರ್ವಪಶ್ಚಿಮಗಳಲ್ಲಿ ಒಮ್ಮತವಿಲ್ಲ. ಎಷ್ಟೋ ವರ್ಷ ಅದು ಬೇರೆ ಬೇರೆ ಭಾನುವಾರಗಳಲ್ಲಿ ನಡೆಯುತ್ತದೆ. ಶಾಸ್ತ್ರಾರ್ಥದಲ್ಲಿ ಇಷ್ಟು ದೂರವಾದವರನ್ನು ಒಂದು ಚಾವಡಿಗೆ ತಂದ ಕಾರಣಗಳಲ್ಲಿ ಕೆಟ್ಟ ನೀರು, ಕೆಟ್ಟ ಗಾಳಿಗಳೂ ಸೇರಿದ್ದವು. ನದಿಗೆ ಪಂಥವಿಲ್ಲವಷ್ಟೆ.

ಅದೇ 1989ರಲ್ಲಿ ಇನ್ನೊಂದು ಕಡೆಯಿಂದ ಕರೆಯೊಂದು ಬಂದಿತು. ಆರ್ಥಡಾಕ್ಸ್ ಸಭೆಗಳಲ್ಲಿ ಅಗ್ರಪೀಠವೆಂದು ಗಣ್ಯವಾದದ್ದು ಕಾನ್‌ಸ್ಟಾಂಟಿನೋಪಲಿನ, ಎಂದರೆ ಇಂದಿನ ಇಸ್ತಾಂಬುಲಿನ, ಪೀಠ. ಅದರ ಅಧಿಪತಿಗಳನ್ನು ಪೇಟ್ರಿಯಾರ್ಕ್ ಎನ್ನುತ್ತಾರೆ. ಆಗ ಆ ಪೀಠದಲ್ಲಿದ್ದ ಒಂದನೆಯ ದಿಮಿತ್ರಿಯೋಸರು ಸೆಪ್ಟೆಂಬರ್ 1ನ್ನು ಸೃಷ್ಟಿಯ ರಕ್ಷಣೆಗಾಗಿ ಪ್ರಾರ್ಥಿಸುವ ದಿನವೆಂದು ಸಾರಿದರು. ಆರ್ಥಡಾಕ್ಸ್ ಪಂಚಾಂಗದಲ್ಲಿ ಅದು ಹೊಸ ವರ್ಷದ ಮೊದಲ ದಿನ. ನಮ್ಮಲ್ಲಿ ಯುಗಾದಿಯ ದಿನ ಒಂದು ವ್ರತವನ್ನು ತೊಟ್ಟಂತೆ ಎಂದುಕೊಳ್ಳಬಹುದು.

1991ರಲ್ಲಿ ಅವರ ಪೀಠಕ್ಕೆ ಬಂದ ಬಾರ್ತೊಲೊಮಾಯೋಸರು ಪ್ರಾರ್ಥನೆಯೊಂದಿಗೆ ಪ್ರಯಾಣವನ್ನೂ ಸೇರಿಸಿದರು. ವಿಜ್ಞಾನಿಗಳನ್ನೂ ನಾನಾ ಸಭೆಗಳ ಧರ್ಮಗುರುಗಳನ್ನೂ ಪತ್ರಕರ್ತರನ್ನೂ ಒಂದೇ ಹಡಗಿಗೆ ಹತ್ತಿಸಿಕೊಂಡು, ಕೆಟ್ಟಿರುವ ನೀರಿನ ಮೇಲೆಯೇ ಕುಳಿತು ಅದರ ವಿಚಾರವನ್ನು ಚರ್ಚಿಸುವ ಏರ್ಪಾಡು ಅದು. 1997ರಲ್ಲಿ ಹೀಗೆ ಕಪ್ಪುಸಮುದ್ರದಲ್ಲಿ ಸಂಚಾರ ಮಾಡಿದರು.

ಆ ಸಮುದ್ರದ ಸ್ಥಿತಿ ವಿಚಿತ್ರವಾದದ್ದು. ಸುಮಾರು 150–200 ಮೀಟರಿನಿಂದ ಕೆಳಗೆ ಪ್ರಾಣವಾಯುವೇ ಇಲ್ಲ. ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ತುಂಬಿದೆ. ಇದು ಪ್ರಕೃತಿಯೇ ಮಾಡಿದ್ದು. ಮೀನುಗಳು ಬದುಕುವುದು ಮೇಲಿನ ತೆಳುಪದರದಲ್ಲಿ. ಮನುಷ್ಯನು ಕೆಡಿಸಿದ್ದು ಆ ಪದರವನ್ನು. ಹೊಲಗಳ ರಸಗೊಬ್ಬರ, ಊರುಗಳ ಚರಂಡಿನೀರು ನದಿಗಳ ಮೂಲಕ ಬಂದು ಸೇರಿದಾಗ ಪಾಚಿ ಹುಲುಸಾಗಿ ಬೆಳೆಯಿತು. ಅದು ಸತ್ತು ಕೊಳೆಯುವಾಗ ನೀರಿನಲ್ಲಿದ್ದ ಪ್ರಾಣವಾಯುವನ್ನು ಹೀರಿಬಿಟ್ಟಿತು. 1970 ಮತ್ತು 80ರ ದಶಕಗಳಲ್ಲಿ ಸಮುದ್ರದ ವಾಯವ್ಯ ಭಾಗದ ತಳದಲ್ಲಿ ಜೀವರಾಶಿ ಉಸಿರುಕಟ್ಟಿ ಸತ್ತಿತು.

ಈ ಗೊಬ್ಬರ, ಈ ಕೊಳೆ ಹೆಚ್ಚಾಗಿ ಬರುತ್ತಿದ್ದುದು ಡಾನ್ಯೂಬ್ ನದಿಯಿಂದ. ಆ ನದಿ ಹುಟ್ಟುವುದು ಜರ್ಮನಿಯ ಕಪ್ಪುಕಾಡಿನಲ್ಲಿ, ಬಾಸೆಲಿಗೆ ಬಹಳ ದೂರವಲ್ಲದ ಬೆಟ್ಟಗಳಲ್ಲಿ. ಸುಮಾರು 2,850 ಕಿಲೋಮೀಟರು ಹರಿದು, ಹತ್ತು ದೇಶಗಳನ್ನು ಹಾದು ಅಥವಾ ಮುಟ್ಟಿ, ಸಮುದ್ರ ಸೇರುತ್ತದೆ. ಮೇಲ್ದಂಡೆಯಲ್ಲಿ ಕೆಥೊಲಿಕರೂ ಪ್ರಾಟೆಸ್ಟಂಟರೂ. ಕೆಳದಂಡೆಯ ಸರ್ಬಿಯ, ರುಮೇನಿಯ, ಬಲ್ಗೇರಿಯಗಳಲ್ಲಿ ಬಹುಪಾಲು ಆರ್ಥಡಾಕ್ಸರು. ಮೇಲಿನ ಸಭೆಯವನು ಚೆಲ್ಲಿದ್ದನ್ನು ಕೆಳಗಿನ ಸಭೆಯವನು ಕುಡಿಯಬೇಕು. ಆದಕಾರಣ 1999ರ ಅಕ್ಟೋಬರಿನಲ್ಲಿ ಜರ್ಮನಿಯ ಪಾಸೌ ಪಟ್ಟಣದಿಂದ ಕಪ್ಪುಸಮುದ್ರದ ಕಡೆಗೆ ಇನ್ನೊಂದು ಯಾತ್ರೆ ಹೊರಟಿತು. ಆ ವರ್ಷದ ಯುದ್ಧದಲ್ಲಿ ನೋವಿ ಸಾದ್ ನಗರದ ಸೇತುವೆಗಳು ನದಿಗೆ ಉರುಳಿದ್ದವು. ನೀರಿನ ಕೆಡಕೂ ನೆರೆಹೊರೆಯ ಕೆಡಕೂ ಒಂದೇ ಕಡೆ ಕಣ್ಣಿಗೆ ಬೀಳುತ್ತಿದ್ದವು.

ಯಾತ್ರೆಯಿಂದ ನದಿ ಶುದ್ಧವಾಯಿತೆ? ಇಲ್ಲ. ಮೂರು ತಿಂಗಳು ಕಳೆದು, 2000ದ ಜನವರಿ 30ರಂದು, ರುಮೇನಿಯದ ಬಾಯಾ ಮಾರೆ ಎಂಬಲ್ಲಿ ಚಿನ್ನ ತೆಗೆಯುವ ಕಾರ್ಖಾನೆಯ ಕಟ್ಟೆಯೊಡೆದು ಸೈನೈಡ್ ಬೆರೆತ ನೀರು ಟಿಸಾ ನದಿಗೂ ಅಲ್ಲಿಂದ ಡಾನ್ಯೂಬಿಗೂ ನುಗ್ಗಿತು. ಹಂಗೆರಿಯಲ್ಲಿ ಟನ್ನುಗಟ್ಟಲೆ ಮೀನು ಸತ್ತವು. ಮುಂದೆ ಕಪ್ಪುಸಮುದ್ರ ಸ್ವಲ್ಪಮಟ್ಟಿಗೆ ಚೇತರಿಸಿಕೊಂಡಿತಾದರೂ ಅದರ ಕೀರ್ತಿಯೂ ಸಭೆಗಳದಲ್ಲ: 1990ರ ನಂತರ ಪೂರ್ವ ಯುರೋಪಿನಲ್ಲಿ ರಸಗೊಬ್ಬರದ ಬಳಕೆ ಇಳಿಯಿತು, ದಂಡೆಯ ದೇಶಗಳು 1994ರಲ್ಲಿ ನದಿಯ ರಕ್ಷಣೆಗಾಗಿ ಒಡಂಬಡಿಕೆ ಮಾಡಿಕೊಂಡವು. ಕಾನೂನು, ಯಂತ್ರ, ಹಣ ಮಾಡುವ ಕೆಲಸವನ್ನು ಪ್ರಾರ್ಥನೆ ಮಾಡಲಾರದು.

ಹಾಗಾದರೆ ಸಭೆಗಳು ಮಾಡಿದ್ದೇನು? ಕಾನೂನಿಗೆ ಸಿಕ್ಕದ ಒಂದು ಕೆಲಸವನ್ನು ಅವು ಮಾಡಿದವು. ನೀರನ್ನು ಕೆಡಿಸುವುದು ಬರಿಯ ಅಚಾತುರ್ಯವಲ್ಲ, ದಂಡ ಕಟ್ಟಿ ಕೈತೊಳೆದುಕೊಳ್ಳುವ ತಪ್ಪೂ ಅಲ್ಲ, ಅದು ಪಾಪ ಎಂದು 1997ರಲ್ಲಿ ಬಾರ್ತೊಲೊಮಾಯೋಸರು ಸ್ಪಷ್ಟವಾಗಿ ಹೇಳಿದರು. ಪಾಪವೆಂದ ಮೇಲೆ ಪಶ್ಚಾತ್ತಾಪವೂ ನಡತೆಯ ಬದಲಾವಣೆಯೂ ಬೇಕಾಗುತ್ತವೆ. 2002ರ ಜೂನ್ 10ರಂದು ಅವರೂ ರೋಮಿನ ಪೋಪ್ ಎರಡನೆಯ ಜಾನ್ ಪಾಲರೂ ಕೂಡಿ ಪರಿಸರದ ಬಗೆಗೆ ಒಂದೇ ಘೋಷಣೆಗೆ ಸಹಿ ಹಾಕಿದರು. 2007ರಲ್ಲಿ ರುಮೇನಿಯದ ಸಿಬಿಯು ನಗರದಲ್ಲಿ ಮತ್ತೆ ಕೂಡಿದ ಯುರೋಪಿನ ಸಭೆಗಳು, ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗಿನ ಕಾಲವನ್ನು ಸೃಷ್ಟಿಗಾಗಿ ಮೀಸಲಿಡಬೇಕೆಂದು ಸಲಹೆ ಮಾಡಿದವು. ಮೊದಲ ದಿನ ಪೂರ್ವದವರದು. ಕೊನೆಯ ದಿನ ಪಶ್ಚಿಮದವರು ಗೌರವಿಸುವ ಅಸಿಸಿಯ ಸಂತ ಫ್ರಾನ್ಸಿಸರ ಹಬ್ಬ. 2015ರಲ್ಲಿ ಪೋಪ್ ಫ್ರಾನ್ಸಿಸರು ಸೆಪ್ಟೆಂಬರ್ 1ನ್ನು ಕೆಥೊಲಿಕ್ ಸಭೆಗೂ ಪ್ರಾರ್ಥನಾ ದಿನವಾಗಿ ಗೊತ್ತುಮಾಡಿದರು. 2021ರಲ್ಲಿ ಅವರೂ ಬಾರ್ತೊಲೊಮಾಯೋಸರೂ ಆಂಗ್ಲಿಕನ್ ಸಭೆಯ ಕ್ಯಾಂಟರ್‌ಬರಿ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿಯವರೂ ಸೇರಿ ಒಂದೇ ಸಂದೇಶವನ್ನು ಹೊರಡಿಸಿದರು. ಈಸ್ಟರಿನ ದಿನವನ್ನು ಒಂದುಮಾಡಲಾಗದವರಿಗೆ ಈ ಒಂದು ತಿಂಗಳು ಪೊತ್ತು ಬಂದಿತು.

ದೊಡ್ಡವರ ಸಹಿಗಿಂತ ಸಣ್ಣವರ ಲೆಕ್ಕ ಕೆಲವೊಮ್ಮೆ ಹೆಚ್ಚಿನದು. ಜರ್ಮನಿಯ ಅನೇಕ ಚರ್ಚುಗಳ ಗೋಪುರದ ತುದಿಯಲ್ಲಿ ಗಾಳಿಯ ದಿಕ್ಕು ತೋರುವ ಹುಂಜವಿರುತ್ತದೆ. ಅದರಿಂದಲೇ ‘ಹಸಿರು ಹುಂಜ’ ಎಂಬ ಹೆಸರನ್ನು ಪಡೆದ ಯೋಜನೆಯೊಂದು ಅಲ್ಲಿನ ಸಭೆಗಳಲ್ಲಿ ನಡೆದುಬಂದಿದೆ. ಊರ ಚರ್ಚಿನ ಕೆಲವರು ಸಮಿತಿ ಮಾಡಿಕೊಂಡು ವಿದ್ಯುತ್ತಿನ ಮೀಟರು, ನೀರಿನ ಮೀಟರು, ಚಳಿಗಾಲದ ಕಾವಿಗೆ ತಗಲುವ ಇಂಧನ, ಕಾಗದದ ಖರ್ಚು ಇವನ್ನು ಬರೆದಿಡುತ್ತಾರೆ. ಎಷ್ಟು ಇಳಿಸಬೇಕೆಂದು ಗುರಿಯಿಡುತ್ತಾರೆ. ಹೊರಗಿನವರೊಬ್ಬರು ಬಂದು ತನಿಖೆ ಮಾಡಿದ ಮೇಲೆಯೇ ಪ್ರಮಾಣಪತ್ರ. ನೆರೆಯವನಿಗೆ ಉಪದೇಶ ಮಾಡುವ ಮೊದಲು ತನ್ನ ಮನೆಯ ಮೀಟರನ್ನು ನೋಡಿಕೊಳ್ಳುವ ವಿವೇಕ ಇದು.

ನಮ್ಮ ದಕ್ಷಿಣದಲ್ಲಿ ಸಭೆಗಳು ಕೂಡುವುದು ಹೊಸತಲ್ಲ. 1947ರ ಸೆಪ್ಟೆಂಬರ್ 27ರಂದು ಹಲವು ಪ್ರಾಟೆಸ್ಟಂಟ್ ಪಂಥಗಳು ಸೇರಿ ದಕ್ಷಿಣ ಭಾರತ ಸಭೆಯಾದವು. ಮಂಗಳೂರಿನ ಬಾಸೆಲ್ ಮಿಶನ್ನಿನ ಸಭೆಗಳೂ ಇಂದು ಅದರಲ್ಲಿವೆ. ಅಲ್ಲಿ ಪರಿಸರಕ್ಕೆಂದೇ ಒಂದು ಭಾನುವಾರವನ್ನು ಮೀಸಲಿಟ್ಟಿದ್ದಾರೆ. ಆದರೆ ಡಾನ್ಯೂಬಿನ ಪಾಠ ಕ್ರೈಸ್ತರಿಗೆ ಮಾತ್ರವೇ ಸಲ್ಲುವುದಲ್ಲ. ಬೆಂಗಳೂರಿನ ಕೊಳೆಯನ್ನು ಹೊತ್ತ ವೃಷಭಾವತಿ ಅರ್ಕಾವತಿಯನ್ನು ಸೇರಿ, ಅರ್ಕಾವತಿ ಕಾವೇರಿಯನ್ನು ಸೇರುತ್ತದೆ. ನಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ, ಅದರ ಕೆಳದಂಡೆಯಲ್ಲಿ ಇರುವವರು ಯಾರು? ಈ ಪ್ರಶ್ನೆಯನ್ನು ಪ್ರತಿ ಮನೆಯೂ ಒಮ್ಮೆ ಕೇಳಿಕೊಂಡರೆ, ನೆರೆಯವನೆಂದರೆ ಯಾರು ಎಂಬುದಕ್ಕೆ ಉತ್ತರ ತಾನಾಗಿಯೇ ಹೊಳೆಯುತ್ತದೆ.